ಯಾವ ಕ್ಯಾಮೆರಾ ತಗೋಬೇಕ್ರಿ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗ ಹುಡುಗಿಯರು ಸಾಕ್ಷ್ಯಚಿತ್ರ, ಕಿರುಚಿತ್ರ ಮಾಡಲು ಹೊರಟಾಗ ಮೊದಲು ಕೇಳುವುದು ಇದನ್ನೇ. ಬೆನ್ನಿಗೇ ಇನ್ನೊಂದು ಬರುತ್ತದೆ: ಬೆಂಗಳೂರಿಗೆ ಹೋಗದೆ ಆಗ್ತದೇನ್ರಿ? ಎರಡಕ್ಕೂ ಸೇರಿಸಿ ಹೇಳುತ್ತೇನೆ. ಈಗ ಕೈಯಲ್ಲಿರುವ ಕ್ಯಾಮೆರಾ ಸಾಕು, 4ಕೆ ತೆಗೆಯುವ ಒಳ್ಳೆಯ ಫೋನಾದರೂ ನಡೆಯುತ್ತದೆ. ದುಡ್ಡನ್ನು ಮೈಕಿಗೂ ಹಾರ್ಡ್ ಡಿಸ್ಕಿಗೂ ಹಾಕಿ. ಊರು ಬಿಡಬೇಡಿ.

ಚಿತ್ರ ತುಸು ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ನಮ್ಮ ಕಡೆ ಸಂದರ್ಶನ ಕೆಡಿಸುವುದು ಸೀಲಿಂಗ್ ಫ್ಯಾನು. 42 ಡಿಗ್ರಿ ಬಿಸಿಲಿನಲ್ಲಿ ವಯಸ್ಸಾದವರನ್ನು ಫ್ಯಾನಿಲ್ಲದೆ ಕೂಡಿಸುವುದು ತಪ್ಪು. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಮಾತು ಮುಗಿಸಿ, ನಡುನಡುವೆ ಫ್ಯಾನ್ ಹಚ್ಚಿ ಬಿಡುವು ಕೊಡಿ. ಕಾಲರ್ ಮೈಕು ಗದ್ದದಿಂದ ಒಂದು ಗೇಣು ಕೆಳಗಿರಲಿ, ಸೆರಗಾಗಲಿ ಸರವಾಗಲಿ ಅದಕ್ಕೆ ಉಜ್ಜಬಾರದು. ಧ್ವನಿಯ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಜೋರು ಮಾತು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಬೇಕು. ಕೊನೆಗೆ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಬರೀ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗಿನಲ್ಲಿ ಮಾತು ಕತ್ತರಿಸಿದ ಕಡೆಯೆಲ್ಲ ಅದನ್ನೇ ತುಂಬಬೇಕಾಗುತ್ತದೆ. ಚಹಾದಂಗಡಿಯಲ್ಲಿ ಸಿನಿಮಾ ಹಾಡು ಹಚ್ಚಿದ್ದರೆ ವಿನಂತಿಸಿ ನಿಲ್ಲಿಸಿ. ಇಲ್ಲದಿದ್ದರೆ ಆ ಮಾತನ್ನು ಕತ್ತರಿಸಿದಾಗ ಹಾಡು ಜಿಗಿಯುತ್ತದೆ, ಯೂಟ್ಯೂಬಿನಲ್ಲಿ ಹಕ್ಕುಸ್ವಾಮ್ಯದ ತಕರಾರೂ ಏಳುತ್ತದೆ.

ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಸಿನದು, ಅದಕ್ಕೆ ಹೊಂದದ ಶಟರ್ ಇಟ್ಟರೆ ಟ್ಯೂಬ್‌ಲೈಟು ಮಿಣುಕುತ್ತದೆ. ಹೊರಗೆ ಬಿಸಿಲಲ್ಲೂ ಅದೇ ಶಟರ್ ಉಳಿಸಿಕೊಳ್ಳಲು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು.

ಊರಲ್ಲೇ ಇರಿ ಅನ್ನುವುದಕ್ಕೆ ಕಾರಣ ಕಾಲ. ತೊಗರಿ ಜೂನ್-ಜುಲೈನಲ್ಲಿ ಬಿತ್ತಿದರೆ ರಾಶಿಯಾಗುವುದು ಡಿಸೆಂಬರ್-ಜನವರಿಗೆ. ಮೂರು ದಿನಕ್ಕೆ ಬಂದ ತಂಡಕ್ಕೆ ಹೂವೋ ರಾಶಿಯೋ ಒಂದು ಸಿಕ್ಕೀತು. ಮಳೆ ಕೈಕೊಟ್ಟ ವಾರ ಹೊಲದ ಬದುವಿನ ಮೇಲೆ ನಿಂತ ರೈತನ ಮುಖ ಸಿಗುವುದು ಅಲ್ಲೇ ಇರುವವರಿಗೆ ಮಾತ್ರ.

ಬೀದರಿನ ಬಿದರಿ ಕೆಲಸ ತೆಗೆಯುವವರು ಬಹಳ, ಸರಿಯಾಗಿ ತೆಗೆದವರು ಕಡಿಮೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡುತ್ತಾರೆ. ಇದು ಕೆತ್ತನೆಯ ಗೆರೆ ಕಾಣಲಿ ಎಂದು ಹಚ್ಚುವ ತಾತ್ಕಾಲಿಕ ಕಪ್ಪು. ಕೆತ್ತಿ, ಬೆಳ್ಳಿ ಕೂರಿಸಿ, ನುಣುಪು ಮಾಡಿದ ಮೇಲೆ ಕೋಟೆಯ ಮಣ್ಣು, ನವಸಾಗರ ಸೇರಿಸಿ ಬಿಸಿಯಲ್ಲಿ ಕೊಡುವುದೇ ಉಳಿಯುವ ಕಪ್ಪು. ಎರಡೂ ಕಪ್ಪುಗಳ ಶಾಟು ಎಡಿಟಿಂಗಿನಲ್ಲಿ ಕಲಸಿದರೆ ಕುಶಲಕರ್ಮಿ ಒಂದೇ ನೋಟಕ್ಕೆ ಹಿಡಿಯುತ್ತಾರೆ. ಹಾಗಾಗಿ ಪ್ರತಿ ಹಂತಕ್ಕೂ ಚೀಟಿ ಬರೆದು ಮೊದಲ ಫ್ರೇಮಿನಲ್ಲಿ ತೋರಿಸಿ. ಕೊನೆಯ ಹಂತ ಬೇಗ ಮುಗಿಯುತ್ತದೆ, ಕ್ಯಾಮೆರಾ ಮೊದಲೇ ನಿಂತಿರಬೇಕು. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕನ್ನು, ಬೆಳ್ಳಿಗೆ ಹೊಂದಿಸಿ. ಕಪ್ಪಿಗೆ ಹೊಂದಿಸಿದರೆ ಬೆಳ್ಳಿಯ ಗೆರೆಗಳು ಬರೀ ಬಿಳಿಯಾಗಿ ಉಳಿಯುತ್ತವೆ, ಆಮೇಲೆ ಸರಿಪಡಿಸಲು ಬರುವುದಿಲ್ಲ. ಲೋಹದ ಹೊಳಪಿಗೆ ಪೋಲರೈಸರ್ ಫಿಲ್ಟರ್ ಕೆಲಸ ಮಾಡುವುದಿಲ್ಲ. ಕಿಟಕಿಗೆ ಬಿಳಿ ಚಾದರ ಕಟ್ಟಿ ಬೆಳಕನ್ನು ಮೆದು ಮಾಡಿ.

ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಟ್ರೈಪಾಡ್ ಇಟ್ಟು ಚಿತ್ರೀಕರಿಸಲು ಮೊದಲೇ ಅನುಮತಿ ಪಡೆಯಬೇಕು. ಬೀದರಿನಲ್ಲಿ ವಾಯುಪಡೆಯ ನೆಲೆಯಿದೆ, ಕಲಬುರಗಿಯಲ್ಲಿ ವಿಮಾನ ನಿಲ್ದಾಣವಿದೆ. ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಡ್ರೋನ್ ಎತ್ತಲೇಬೇಡಿ.

100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ತೆಗೆದ ಒಂದು ಗಂಟೆಯ ಚಿತ್ರ 45 ಜಿಬಿ ತಿನ್ನುತ್ತದೆ. 20 ಗಂಟೆಗೆ 900 ಜಿಬಿ. ಅಂದಂದಿನದನ್ನು ಅಂದೇ ಎರಡು ಡಿಸ್ಕಿಗೆ ಇಳಿಸಿ, ಎರಡನ್ನೂ ಬೇರೆ ಬೇರೆ ಮನೆಯಲ್ಲಿಡಿ. ಎರಡೂ ಕಡೆ ಕೆಲವು ಕ್ಲಿಪ್ ತೆರೆದು ನೋಡುವವರೆಗೆ ಕಾರ್ಡ್ ಅಳಿಸಬೇಡಿ.

ಚಿತ್ರದಲ್ಲಿ ಮಾತಾಡಿದವರ ಒಪ್ಪಿಗೆಯನ್ನು ಅವರ ಮಾತಿನಲ್ಲೇ ಓದಿ ಹೇಳಿ, ಕ್ಯಾಮೆರಾದಲ್ಲೇ ದಾಖಲಿಸಿ. ದಖನಿ, ಲಂಬಾಣಿ, ಮರಾಠಿ ಮಾತಿದ್ದರೆ ಅದೇ ಮನೆಮಾತಿನವರ ಜೊತೆ ಕೂತು ಸಬ್‌ಟೈಟಲ್ ಬರೆಯಿರಿ. ಸಾಲಿಗೆ 42 ಅಕ್ಷರ, ಎರಡೇ ಸಾಲು, ಇಂಗ್ಲಿಷ್ ಸಬ್‌ಟೈಟಲಿಗೆ ಇದು ರೂಢಿಯ ಮಿತಿ.

ಚಿತ್ರ ಮುಗಿದ ಕೂಡಲೇ ಯೂಟ್ಯೂಬಿಗೆ ಏರಿಸುವ ಆತುರ ಬೇಡ. ಈಗಾಗಲೇ ಆನ್‌ಲೈನಿನಲ್ಲಿರುವ ಚಿತ್ರವನ್ನು ಹಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಮುಂಬೈನ ಮಿಫ್, ತಿರುವನಂತಪುರದ ಐಡಿಎಸ್‌ಎಫ್‌ಎಫ್‌ಕೆ ಎರಡೂ ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗೆಂದೇ ಇರುವ ಉತ್ಸವಗಳು. ಮೊದಲು ಅಲ್ಲಿನ ನಿಯಮ ಓದಿ.

ಹೊಟ್ಟೆಪಾಡಿನ ಮಾತೂ ಇದೆ. ಉತ್ಸವದಿಂದ ಮನೆ ನಡೆಯುವುದಿಲ್ಲ. ಮದುವೆ, ಕಾಲೇಜು, ಸ್ವಯಂಸೇವಾ ಸಂಸ್ಥೆಗಳ ಕೆಲಸ ಮಾಡಬೇಕಾಗುತ್ತದೆ, ಅದರಲ್ಲಿ ನಾಚಿಕೆ ಪಡುವುದೇನೂ ಇಲ್ಲ. ಮೂರನೇ ಒಂದು ಪಾಲು ಮುಂಗಡ ತಗೊಳ್ಳಿ. ಎಷ್ಟು ಸಲ ತಿದ್ದಿ ಕೊಡುತ್ತೀರಿ, ಎಡಿಟ್ ಆಗದ ಮೂಲ ಚಿತ್ರಿಕೆ ಯಾರದು ಎಂಬ ಎರಡನ್ನೂ ಶೂಟಿಂಗಿಗೆ ಮುಂಚೆಯೇ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ.