ಹದಿನಾರು ಟ್ಯಾಪೆಟ್ ಹೊಸದು, ಸೌಂಡ್ ಮಾತ್ರ ಹಳೇದೇ

ಸರ್ವಿಸ್ ಸೆಂಟರ್‌ನಲ್ಲಿ ಕಸ್ಟಮರ್ ಹತ್ರ ಕಂಪ್ಲೇಂಟ್ ಕೇಳಿಕೊಳ್ಳೋ ಅಡ್ವೈಸರ್ ಜಾಬ್ ಕಾರ್ಡ್ ಮೇಲೆ ‘ಟ್ಯಾಪೆಟ್ ನಾಯ್ಸ್’, ಅಂದರೆ ಎಂಜಿನ್ ವಾಲ್ವ್ ಆಡಿಸೋ ಸಣ್ಣ ಪಾರ್ಟಿನ ಸದ್ದು, ಅಂತ ಬರೆದುಕೊಟ್ಟನೆಂದರೆ ಅರ್ಧ ದಾರಿ ಅಲ್ಲೇ ತಪ್ಪಿತು ಅಂತ ತಿಳ್ಕೊಳ್ಳಿ. ಕಸ್ಟಮರ್ ಹೇಳಿರೋದು ‘ಸೌಂಡ್ ಬರ್ತಿದೆ’ ಅಂತ ಮಾತ್ರ. ರೋಗಕ್ಕೆ ಹೆಸರಿಟ್ಟವನು ಅಡ್ವೈಸರ್. ಇಷ್ಟು ಪಾರ್ಟ್ಸ್ ಮಾರಬೇಕು ಅನ್ನೋ ಟಾರ್ಗೆಟ್ ಇರೋದೂ ಅವನಿಗೇ.

ಗಾಡಿ ಒಬ್ಬ ಟ್ಯಾಕ್ಸಿ ಡ್ರೈವರ್‌ದು, ಡಿಸೈರ್ ಡೀಸೆಲ್. ಫಿಯೆಟ್ ಮೂಲದ ಅದೇ 1.3 ಎಂಜಿನ್, ಸ್ವಿಫ್ಟ್, ವಿಸ್ತಾ, ಪುಂಟೋ ಎಲ್ಲದರಲ್ಲೂ ಬಿಚ್ಚಿ ನನ್ನ ಕೈ ಪಳಗಿತ್ತು. ಸಂದು ಅಳೆಯೋ ಫೀಲರ್ ಗೇಜ್ ಹಿಡಿದು ಸೆಟ್ ಮಾಡೋ ಕೆಲಸ ಇದರಲ್ಲಿಲ್ಲ. ಹೈಡ್ರಾಲಿಕ್ ಟ್ಯಾಪೆಟ್ ಆಯಿಲ್ ತುಂಬಿಕೊಂಡು ಪಾರ್ಟ್‌ಗಳ ನಡುವಿನ ಸಂದನ್ನು ತಾನೇ ಮುಚ್ಚಿಕೊಳ್ಳುತ್ತೆ. ಬೆಳಿಗ್ಗೆ ಕೋಲ್ಡ್ ಸ್ಟಾರ್ಟ್‌ನಲ್ಲಿ ಸ್ವಲ್ಪ ಹೊತ್ತು ಟಕಟಕ ಅಂದು ಸುಮ್ಮನಾದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಈ ಗಾಡಿಯಲ್ಲಿ ಬೆಳಿಗ್ಗೆ ಪರವಾಗಿಲ್ಲ, ಎಂಜಿನ್ ಬಿಸಿಯಾದಷ್ಟೂ ಜಾಸ್ತಿ.

ಬಿಸಿಯಾದರೆ ಆಯಿಲ್ ತೆಳ್ಳಗಾಗುತ್ತೆ, ಪ್ರೆಷರ್ ಇಳಿಯುತ್ತೆ. ನಾನು ಅಲ್ಲೇ ನಿಂತು ಯೋಚಿಸಬೇಕಿತ್ತು.

ಡಿಪ್‌ಸ್ಟಿಕ್ ಎಳೆದು ನೋಡಿದೆ, ಲೆವೆಲ್ ಸರಿ ಇತ್ತು, ಆಯಿಲೂ ಹೊಸದು. ಉದ್ದನೆ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿದರೆ ಸೌಂಡ್ ಮೇಲಿನಿಂದಲೇ. ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಸೌಂಡ್ ಇರಬಹುದಾ ಅಂತ ಅದರ ಕನೆಕ್ಟರ್ ಒಂದೊಂದೇ ತೆಗೆದು ನೋಡಿದೆ, ವ್ಯತ್ಯಾಸ ಇಲ್ಲ. ಆಯಿಲ್ ಪ್ರೆಷರ್ ಅಳೆಯೋ ಗೇಜ್ ಕೇಳಿದರೆ ಟೂಲ್ ರೂಮ್ ಬೀಗ ಫ್ಲೋರ್ ಇನ್‌ಚಾರ್ಜ್ ಹತ್ರ, ಅವರು ಮೀಟಿಂಗ್‌ನಲ್ಲಿ, ಮೇಲಾಗಿ ಗೇಜನ್ನು ಎಂಜಿನ್‌ಗೆ ಕೂರಿಸೋ ಅಡಾಪ್ಟರ್ ಕಳೆದುಹೋಗಿದೆ. ‘ಆಯಿಲ್ ಲೈಟ್ ಉರೀತಿಲ್ಲವಲ್ಲ, ಬಿಡಿ ಅಣ್ಣಾ’ ಅಂದ ಅಡ್ವೈಸರ್. ನಾನೂ ಬಿಟ್ಟೆ. ಹೆಚ್ಚಿನ ಗಾಡಿಗಳಲ್ಲಿ ಆ ಲೈಟ್ ಹತ್ತೋದು ಪ್ರೆಷರ್ ಅರ್ಧ ಬಾರ್ ಆಸುಪಾಸಿಗೆ ಬಿದ್ದಾಗ. ಟ್ಯಾಪೆಟ್ ಅದಕ್ಕಿಂತ ಎಷ್ಟೋ ಮೊದಲೇ ಕೂಗಿಕೊಳ್ಳುತ್ತೆ.

ಕ್ಯಾಮ್ ತಿರುಗದ ಹಾಗೆ ಲಾಕಿಂಗ್ ಪಿನ್ ಹಾಕಿ, ಎಂಜಿನ್ ಮೇಲ್ಭಾಗದ ಕ್ಯಾಮ್ ಹೌಸಿಂಗ್ ಎತ್ತಿ, ವಾಲ್ವ್ ಒತ್ತೋ ರಾಕರ್ ಸಮೇತ ಹದಿನಾರೂ ಟ್ಯಾಪೆಟ್ ಹೊರಗೆ ತೆಗೆದೆ. ಹೆಬ್ಬೆರಳಲ್ಲಿ ಒತ್ತಿದರೆ ಒಳ್ಳೇ ಟ್ಯಾಪೆಟ್ ಜಗ್ಗಲ್ಲ. ಕೆಲವು ಸ್ಪಂಜಿನ ಹಾಗೆ ಕುಸಿದವು. ಸಿಕ್ಕಿತು ಅಂತ ಖುಷಿಯಾದೆ. ಕುಸಿದವೆಲ್ಲ ಒಂದೇ ಕಡೆಯವು, ಆಯಿಲ್ ಕೊನೆಗೆ ತಲುಪೋ ತುದಿಯವು ಅನ್ನೋದು ಟ್ರೇನಲ್ಲಿ ಸಾಲಾಗಿ ಕಣ್ಣೆದುರೇ ಇತ್ತು. ಖುಷಿಯಲ್ಲಿದ್ದವನಿಗೆ ಸಾಲು ಕಾಣಲಿಲ್ಲ.

ಹೊಸ ಸೆಟ್ ಕೂರಿಸಿದ ಮೇಲೆ ನಾನು ಅರ್ಧ ಗಂಟೆ ಸೆಲ್ಫ್ ಮುಟ್ಟಲ್ಲ. ತುಂಬಿಕೊಂಡ ಟ್ಯಾಪೆಟ್ ಇಳಿದುಕೊಳ್ಳಬೇಕು, ಇಲ್ಲದಿದ್ದರೆ ವಾಲ್ವ್ ಪಿಸ್ಟನ್‌ಗೆ ತಾಗೋ ಭಯ. ಆ ಅರ್ಧ ಗಂಟೆ ಡ್ರೈವರ್ ಪಕ್ಕದಲ್ಲೇ ನಿಂತಿದ್ದ. ‘ಏರ್‌ಪೋರ್ಟ್ ಡ್ಯೂಟಿ ಇದೆ ಸಾರ್’ ಅಂತ ಮೊಬೈಲ್ ನೋಡ್ತಾನೆ, ನನ್ನ ಮುಖ ನೋಡ್ತಾನೆ. ರ‍್ಯಾಚೆಟ್ ಹಾಕಿ ಕ್ರ್ಯಾಂಕ್ ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ, ಎಲ್ಲೂ ತಡೆಯಲಿಲ್ಲ. ಸೆಲ್ಫ್ ಹೊಡೆದೆ. ಟಕಟಕ. ‘ಏರ್ ಹೋಗಬೇಕು, ಇರಲಿ’ ಅಂದೆ. ಎಂಜಿನ್ 2500 ಆರ್‌ಪಿಎಂನಲ್ಲಿ ಹಿಡಿದೆ. ಕಡಿಮೆ ಆಯ್ತು, ಡ್ರೈವರ್ ನಕ್ಕ. ರೇಡಿಯೇಟರ್ ಫ್ಯಾನ್ ತಿರುಗಿತು, ಎಂಜಿನ್ ಪೂರಾ ಬಿಸಿ. ಸ್ಲೋಗೆ ಬಿಟ್ಟೆ. ಮತ್ತೆ ಅದೇ ಟಕಟಕ, ಅದೇ ತುದಿಯಲ್ಲಿ. ಡ್ರೈವರ್ ಬೈದಿದ್ದರೆ ಚೆನ್ನಾಗಿತ್ತು. ಏನೂ ಅನ್ನಲಿಲ್ಲ, ಫೋನ್ ಮಾಡಿ ಡ್ಯೂಟಿ ಬೇರೆಯವನಿಗೆ ಕೊಟ್ಟ.

ಪಕ್ಕದ ಬೇನಲ್ಲಿ ಕೆಲಸ ಮಾಡೋ ಹಿರಿಯ ಮೆಕ್ಯಾನಿಕ್ ಭಾಯ್ ಬಂದು ಮೇಲೆ ನೋಡಲೇ ಇಲ್ಲ. ಗಾಡಿ ಲಿಫ್ಟ್ ಮಾಡಿಸಿ ಎಂಜಿನ್ ತಳದ ಆಯಿಲ್ ಚೇಂಬರ್ ಅಂಚಿಗೆ ಬೆರಳಾಡಿಸಿದರು. ಲೀಕ್ ಆಗದ ಹಾಗೆ ಹಚ್ಚೋ ಸಿಲಿಕಾನ್ ಅಂಟು ದಪ್ಪಗೆ ಹೊರಗೆ ಉಕ್ಕಿತ್ತು. ‘ಹೊರಗೆ ಇಷ್ಟು ಬಂದಿದ್ರೆ ಒಳಗೆ ಎಷ್ಟು ಹೋಗಿರಬೇಕು, ಹೇಳು?’

ಚೇಂಬರ್ ಇಳಿಸಿದೆವು. ಆಯಿಲ್ ಸೋಸಿ ಮೇಲೆ ಕಳಿಸೋ ಸ್ಟ್ರೇನರ್ ಜಾಲರಿ ತುಂಬ ಸಿಲಿಕಾನ್ ಚೂರು, ಅದಕ್ಕೇ ಆ ತುದಿಗೆ ಆಯಿಲ್ ಸರಿಯಾಗಿ ತಲುಪ್ತಿರಲಿಲ್ಲ. ಯಾವುದೋ ಗ್ಯಾರೇಜ್‌ನಲ್ಲಿ ಆಯಿಲ್ ಲೀಕ್ ಅಂತ ಚೇಂಬರ್ ಬಿಚ್ಚಿ, ಟ್ಯೂಬ್ ಖಾಲಿ ಆಗೋವರೆಗೂ ಹಿಂಡಿದ್ದಾರೆ. ತೊಳೆದು, ತೆಳ್ಳಗೆ ಒಂದು ಗೆರೆ ಸಿಲಿಕಾನ್ ಎಳೆದು ಮುಚ್ಚಿ, ಹೊಸ ಫಿಲ್ಟರ್, ಆಯಿಲ್ ಹಾಕಿದ ಮೇಲೆ ಬಿಸಿ ಎಂಜಿನ್ನೂ ಸದ್ದಿಲ್ಲದೆ ಓಡಿತು. ಆ ಹದಿನಾರು ಹಳೇವನ್ನೇ ಹಾಕಿದ್ದರೂ ಓಡ್ತಿತ್ತೇನೋ. ಅದನ್ನು ನೋಡೋಕೆ ಯಾರೂ ಬಿಡಲಿಲ್ಲ.

ಟ್ಯಾಪೆಟ್ ಸೆಟ್ ಬಿಲ್‌ನಲ್ಲೇ ಉಳೀತು, ಅಡ್ವೈಸರ್ ಟಾರ್ಗೆಟ್‌ಗೂ ಸೇರಿತು. ಚೇಂಬರ್ ಕೆಲಸ ನನ್ನ ಹೆಸರಲ್ಲಿ ರಿಪೀಟ್ ಜಾಬ್, ಇನ್ಸೆಂಟಿವ್ ಕಟ್. ಗೇಜ್ ಅಡಾಪ್ಟರ್‌ಗೆ ಇಂಡೆಂಟ್, ಅಂದರೆ ಬೇಡಿಕೆ ಚೀಟಿ, ಹಾಕಿದ್ದೆ, ‘ಮುಂದಿನ ತಿಂಗಳು’ ಅಂದರು. ಕೊನೆಗೆ ಕೈಯಿಂದ ದುಡ್ಡು ಹಾಕಿ ತಂದು ನನ್ನ ಟೂಲ್ ಬಾಕ್ಸ್‌ನಲ್ಲೇ ಇಟ್ಟುಕೊಂಡಿದ್ದೇನೆ. ಈಗ ಫ್ಲೋರ್ ಇನ್‌ಚಾರ್ಜೇ ಬಂದು ಸಾಲ ಕೇಳ್ತಾರೆ.