ಬ್ಲೋವರ್ ಗೊರಗೊರ ಅಂದಾಗ

ಬ್ಲೋವರ್, ಅಂದರೆ ಒಲೆಯ ಕಾವನ್ನು ಕೋಣೆಗೆ ತಳ್ಳುವ ಫ್ಯಾನ್, ಹಾಕಿ ಇದು ಮೂರನೆಯ ಚಳಿಗಾಲ. ಶುರುವಾದ ವಾರದಲ್ಲೇ ನಮ್ಮ ಸೌದೆ ಒಲೆಯಿಂದ ಒಂದು ಸದ್ದು ಬರತೊಡಗಿತು. ಮೊದಲು ಸಣ್ಣಗೆ ಗುಂಯ್ ಅನ್ನುತ್ತಿತ್ತು. ಎರಡು ದಿನದಲ್ಲಿ ಗೊರಗೊರ ಆಯಿತು. ವೇಗ ಜಾಸ್ತಿ ಮಾಡಿದರೆ ಒಲೆಯ ತಗಡೇ ಅದುರುತ್ತಿತ್ತು. ಬೇರಿಂಗ್ ಹೋಯಿತು, ಹೊಸ ಮೋಟರ್ ತರಬೇಕು ಅಂದುಕೊಂಡೇ ಬಿಚ್ಚಿದೆ. ಬೇರಿಂಗ್ ಗಟ್ಟಿಯಾಗಿತ್ತು. ಸದ್ದಿಗೆ ಕಾರಣ ಧೂಳು, ಅಷ್ಟೇ.

ನಮ್ಮದು ಇನ್ಸರ್ಟ್ ಒಲೆ. ಅಂದರೆ ಗೋಡೆಯಲ್ಲಿದ್ದ ಹಳೆಯ ಇಟ್ಟಿಗೆ ಗೂಡಿನೊಳಗೆ ಕೂರಿಸಿದ ಕಬ್ಬಿಣದ ಪೆಟ್ಟಿಗೆ. ಕೋಣೆಯ ನಡುವೆ ನಿಂತ ಒಲೆ ಸುತ್ತಲೂ ಕಾವು ಕೊಡುತ್ತದೆ. ಇದರ ಬೆನ್ನು, ಪಕ್ಕ ಎಲ್ಲ ಇಟ್ಟಿಗೆಯ ಕಡೆಗೆ. ಮುಂದೆ ಕೂತವರಿಗೆ ಮುಖ ಸುಡುತ್ತದೆ, ಮೂಲೆಯಲ್ಲಿ ಕೂತವರು ಹೊದ್ದುಕೊಂಡೇ ಇರಬೇಕು. ಪೆಟ್ಟಿಗೆಯ ಸುತ್ತ ಇನ್ನೊಂದು ತಗಡಿನ ಹೊದಿಕೆ ಇದೆ, ಎರಡರ ನಡುವೆ ಸಂದು. ಬ್ಲೋವರ್ ಕೆಳಗಿನಿಂದ ಕೋಣೆಯ ಗಾಳಿ ಎಳೆದು ಆ ಸಂದಿನೊಳಗೆ ತಳ್ಳುತ್ತದೆ. ಬಿಸಿಯಾದ ಗಾಳಿ ಮೇಲಿನಿಂದ ಹೊರಗೆ ಬರುತ್ತದೆ. ಒಳಗಿನ ಬೆಂಕಿಗೂ ಈ ಗಾಳಿಗೂ ಸೋಕೇ ಇಲ್ಲ. ನೋಡಿದವರೆಲ್ಲ ಇದನ್ನು ತಿದಿ ಅಂದುಕೊಳ್ಳುತ್ತಾರೆ. ಇದು ಬೆಂಕಿ ಊದುವುದಿಲ್ಲ, ಕಾವನ್ನು ಹೊರಗೆ ತರುತ್ತದೆ.

ಕೂರಿಸುವುದು ಕಷ್ಟದ ಕೆಲಸ ಅಲ್ಲ. ನಮ್ಮ ಒಲೆಯ ಮಾದರಿಗೇ ಅಂತ ಇದ್ದ ಬ್ಲೋವರ್ ತಂದಿದ್ದೆ, ಹಾಗಾಗಿ ಬೋಲ್ಟಿನ ತೂತುಗಳು ಸರಿಯಾಗಿ ಕೂತವು. ತಗಡಿಗೂ ಬ್ಲೋವರ್‌ಗೂ ನಡುವೆ ರಬ್ಬರ್ ಬುಶ್ ಬರುತ್ತವೆ, ಅವನ್ನು ಮರೆಯಬಾರದು. ಅವು ಇಲ್ಲದಿದ್ದರೆ ಮೋಟರಿನ ನಡುಕ ಇಡೀ ಒಲೆಗೆ ಹತ್ತುತ್ತದೆ. ವೈರ್ ಎಲ್ಲೂ ಬಿಸಿ ಕಬ್ಬಿಣಕ್ಕೆ ತಾಗದ ಹಾಗೆ ಕ್ಲಿಪ್ ಹಾಕಿ ಬಿಗಿದೆ. ಅರ್ಥಿಂಗ್ ಇರುವ ಪ್ಲಗ್ಗಿಗೇ ಕೊಟ್ಟೆ.

ನನಗೆ ನಿಜವಾಗಿ ತಲೆ ತಿಂದದ್ದು ಕಾವಿನ ಸ್ವಿಚ್. ನಾಣ್ಯದಷ್ಟು ಅಗಲದ ಬಿಲ್ಲೆ ಅದು. ನಮ್ಮದು ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗೆ ಫ್ಯಾನ್ ಹಾಕುತ್ತದೆ, 32ಕ್ಕೆ ಇಳಿದರೆ ಆರಿಸುತ್ತದೆ. ಮೊದಲು ಕೈಗೆ ಸಿಕ್ಕಿದ ಕಡೆ, ಗಾಳಿ ಒಳಗೆ ಹೋಗುವ ಬಾಯಿಯ ಹತ್ತಿರವೇ ಹಾಕಿದ್ದೆ. ಫ್ಯಾನ್ ಶುರುವಾಗುವುದು, ಅದರದೇ ತಣ್ಣನೆ ಗಾಳಿ ಬಡಿದು ಬಿಲ್ಲೆ ಆರುವುದು, ಫ್ಯಾನ್ ನಿಲ್ಲುವುದು, ಮತ್ತೆ ಶುರು. ಇಡೀ ರಾತ್ರಿ ಇದೇ. ಮಾರನೆಯ ದಿನ ಒಲೆ ಪೂರ್ತಿ ತಣ್ಣಗಾದ ಮೇಲೆ ಅದನ್ನು ಗಾಳಿ ಬಡಿಯದ ಜಾಗಕ್ಕೆ, ಬೆಂಕಿ ಪೆಟ್ಟಿಗೆಯ ತಗಡಿಗೇ ಅಂಟುವ ಹಾಗೆ ಸರಿಸಿದೆ. ಆ ಜಾಗದ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆದಿದ್ದೆ. ಬಿಲ್ಲೆ ಚಪ್ಪಟೆಯಾಗಿ ಕೂತರೆ ಮಾತ್ರ ಕಾವು ಸರಿಯಾಗಿ ತಿಳಿಯುತ್ತದೆ. ಅವತ್ತಿನಿಂದ ಆ ತೊಂದರೆ ಇಲ್ಲ.

ಈಗ ಧೂಳಿನ ವಿಷಯಕ್ಕೆ ಬರುತ್ತೇನೆ. ಬ್ಲೋವರ್ ಇರುವುದು ನೆಲದ ಮಟ್ಟದಲ್ಲಿ. ಮನೆಯ ಧೂಳು, ಕೂದಲು, ಬಟ್ಟೆಯ ನೂಲು, ಬಾಗಿಲು ತೆಗೆದಾಗ ಉದುರಿದ ಬೂದಿ ಎಲ್ಲವೂ ಅದರ ಬಾಯಿಗೇ ಹೋಗುತ್ತವೆ. ಒಳಗೆ ತಿರುಗುವ ಚಕ್ರದ ಅಲಗುಗಳು ಸಣ್ಣವು, ಬಾಗಿದವು. ಆ ಬಾಗಿನಲ್ಲಿ ಧೂಳು ಕಂಬಳಿಯ ತುಂಡಿನ ಹಾಗೆ ಮೆತ್ತಿಕೊಂಡಿತ್ತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ತೂಕ ಒಂದೇ ಸಮ ಇಲ್ಲದೆ ತಿರುಗಿದರೆ ನಡುಗದೆ ಇನ್ನೇನು ಮಾಡೀತು? ಮೋಟರ್ ತಂಪಾಗುವುದೂ ಅದೇ ಗಾಳಿಯಿಂದ. ಗಾಳಿ ಕಟ್ಟಿದರೆ ಅದೂ ಕಾಯುತ್ತದೆ. ಸುಮ್ನೆ ಬಿಟ್ಟಿದ್ದರೆ ಬೇರಿಂಗ್ ನಿಜವಾಗಿಯೂ ಹೋಗುತ್ತಿತ್ತು.

ಪ್ಲಗ್ ಕಿತ್ತು, ಒಲೆ ಆರಿದ್ದನ್ನು ಖಾತ್ರಿ ಮಾಡಿಕೊಂಡು ಬ್ಲೋವರನ್ನು ಹೊರಗೆ ತಂದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಅಲಗು ಉಜ್ಜಿದೆ. ಪೂರ್ತಿ ಒಂದು ಗಂಟೆ ಹಿಡಿಯಿತು. ವ್ಯಾಕ್ಯೂಮ್ ಕ್ಲೀನರ್ ಹಿಡಿಯುವಾಗ ಚಕ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದಿರಬೇಕು. ಎಳೆತಕ್ಕೆ ಅದು ತಾನಾಗಿ ಜೋರಾಗಿ ತಿರುಗಿದರೆ ಬೇರಿಂಗ್‌ಗೆ ಪೆಟ್ಟು. ಅಲಗಿನ ಮೇಲೆ ಅಲ್ಲಲ್ಲಿ ಪುಟ್ಟ ಲೋಹದ ಕ್ಲಿಪ್ ಕಂಡರೆ ಕಸ ಅಂತ ಕೀಳಬೇಡಿ. ಚಕ್ರದ ತೂಕ ಸರಿದೂಗಿಸಲು ಹಾಕಿದ್ದು ಅದು. ನೀರು ಮುಟ್ಟಿಸಲೇ ಇಲ್ಲ. ನಮ್ಮ ಮೋಟರಿಗೆ ಎಣ್ಣೆ ಬಿಡುವ ತೂತು ಇದೆ, ವಿದ್ಯುತ್ ಮೋಟರಿಗೆ ಬಿಡುವ 20ನೇ ಗ್ರೇಡ್ ಎಣ್ಣೆ ಎರಡೇ ಹನಿ ಬಿಟ್ಟೆ. ತೂತು ಇಲ್ಲದ, ಮುಚ್ಚಿದ ಬೇರಿಂಗ್ ಆದರೆ ಎಣ್ಣೆ ಬೇಡ. ತುಕ್ಕು ಬಿಡಿಸುವ ಸ್ಪ್ರೇ ಅಂತೂ ಬೇಡವೇ ಬೇಡ. ಅದು ಒಣಗಿಹೋಗಿ, ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ.

ವ್ಯಾಕ್ಯೂಮ್ ಅಂದೆ, ಅಲ್ವಾ? ಅದು ಧೂಳಿಗೆ ಮಾತ್ರ. ಬೂದಿಯ ಒಳಗೆ ಕೆಂಡ ಎರಡು ಮೂರು ದಿನ ಬದುಕಿರಬಹುದು. ಬೂದಿಯನ್ನು ಮುಚ್ಚಳ ಇರುವ ಕಬ್ಬಿಣದ ಡಬ್ಬಿಗೆ ಹಾಕಿ ಮನೆಯಿಂದ ಹೊರಗಿಡುತ್ತೇನೆ. ಇದರಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ.

ತಿರುಗಿ ಜೋಡಿಸಿ ಬೆಂಕಿ ಹಚ್ಚಿದೆವು. ಬೆಂಕಿ ಹತ್ತುವಾಗಲೇ ಫ್ಯಾನನ್ನು ಜೋರಾಗಿ ಬಿಡುವುದಿಲ್ಲ. ಪೆಟ್ಟಿಗೆ ತಣ್ಣಗಾದರೆ ಸೌದೆ ಹೊಗೆಯಾಡುತ್ತದೆ, ಚಿಮಣಿಯಲ್ಲಿ ಡಾಂಬರಿನಂಥ ಕಿಟ್ಟ ಕಟ್ಟುತ್ತದೆ. ಮುಕ್ಕಾಲು ಗಂಟೆ ಕಾದು ಮೆಲ್ಲಗೆ ವೇಗ ಏರಿಸಿದೆ. ಗೊರಗೊರ ಇಲ್ಲ. ಮೂಲೆಯ ಕುರ್ಚಿಯಲ್ಲಿ ಓದುತ್ತಾ ಕೂತಿದ್ದ ಅಮ್ಮ, ಏನೂ ಹೇಳದೆ ಶಾಲು ತೆಗೆದು ಪಕ್ಕಕ್ಕಿಟ್ಟರು.

ಎರಡು ರಬ್ಬರ್ ಬುಶ್ ಬಿರುಕು ಬಿಟ್ಟಿವೆ. ಹೊಸವು ಬರುವವರೆಗೆ ಕಡಿಮೆ ವೇಗದಲ್ಲೇ ಓಡಿಸುತ್ತೇನೆ.