ರಿಪೋರ್ಟ್ ನಾರ್ಮಲ್, ಆದ್ರೂ ಪಾರ್ಕಿನ್ಸನ್

ವಿಜಯಪುರದಲ್ಲಿ ನಮ್ಮ ಕಾಕಾನ ಮೆದುಳಿನ ಎಂಆರ್‌ಐ ಆಯಿತು. ರಿಪೋರ್ಟ್ ನಾರ್ಮಲ್. ಕಾಕಾಗೆ ಖುಷಿಯೋ ಖುಷಿ: "ಫಿಲ್ಮಿನ್ಯಾಗ ಏನೂ ಇಲ್ಲಂದ್ರ ಮುಗೀತಲ್ಲ, ನಡೀರಿ ಮನಿಗೆ!"

ಡಾಕ್ಟರ್ ಫಿಲ್ಮ್ ಬದಿಗಿಟ್ಟು ಕೈ ನೋಡಿದರು. ಹೆಬ್ಬೆರಳಿಗೆ ತೋರುಬೆರಳು ಪಟಪಟ ಬಡಿಯಿರಿ ಅಂದರು. ಎಡಗೈ ಚೆನ್ನಾಗಿಯೇ ಆಡಿತು. ಬಲಗೈ ಬಡಿತ ಸಣ್ಣದಾಗುತ್ತಾ ಹೋಗಿ ನಿಂತೇಬಿಟ್ಟಿತು. ನಡೆಸಿದರೆ ಆ ಕೈ ಬೀಸುತ್ತಲೇ ಇಲ್ಲ. ಪಾರ್ಕಿನ್ಸನ್ ಅಂದರು, ಅಂದರೆ ಚಲನೆ ನಿಧಾನವಾಗುವ ಮೆದುಳಿನ ಕಾಯಿಲೆ.

ಹಾಗಾದ್ರೆ ಆ ಗಡಗಡ ಮಷಿನ್‌ನೊಳಗೆ ಮಲಗಿಸಿದ್ದು ಸುಮ್ನೆನಾ? ಅಲ್ಲ. ಸಣ್ಣ ಸಣ್ಣ ಸ್ಟ್ರೋಕ್, ಗಡ್ಡೆ, ಮೆದುಳಲ್ಲಿ ನೀರು ತುಂಬುವುದು, ಇವೂ ನಡಿಗೆ ನಿಧಾನ ಮಾಡುತ್ತವೆ. ಅವು ಇಲ್ಲ ಅಂತ ಖಾತ್ರಿ ಆಗಬೇಕಲ್ವಾ? ಪಾರ್ಕಿನ್ಸನ್‌ನಲ್ಲಿ ಸಾಯುವುದು ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ, ಮೆದುಳಿನ ಪುಟ್ಟ ಜಾಗದ ಜೀವಕೋಶಗಳು. ಮಾಮೂಲಿ ಸ್ಕ್ಯಾನ್‌ನಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. 3 ಟೆಸ್ಲಾ ಅನ್ನುವ ಹೆಚ್ಚು ಬಲದ ಆಯಸ್ಕಾಂತದ ಎಂಆರ್‌ಐ ಮಷಿನ್‌ನಲ್ಲಿ ವಿಶೇಷ ಬಗೆಯ ಚಿತ್ರ ತೆಗೆದರೆ, ಆರೋಗ್ಯವಂತರಲ್ಲಿ ಅಲ್ಲೊಂದು ಹಕ್ಕಿಯ ಕವಲು ಬಾಲದಂಥ ಗುರುತು ಕಾಣುತ್ತದೆ. ಈ ಕಾಯಿಲೆ ಇದ್ದವರಲ್ಲಿ ಹೆಚ್ಚಾಗಿ ಅದು ಮಾಯ. ಆದರೂ ಬರೀ ಅದನ್ನೇ ನೋಡಿ ಕಾಯಿಲೆ ನಿರ್ಧರಿಸುವುದಿಲ್ಲ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದದ್ದು 1817ರಲ್ಲಿ. ಆಗ ಎಕ್ಸ್‌ರೇ ಕೂಡ ಇರಲಿಲ್ಲ. ಆತ ವಿವರಿಸಿದ ಆರು ಜನರಲ್ಲಿ ಕೆಲವರನ್ನು ಬೀದಿಯಲ್ಲೇ ಗಮನಿಸಿದ್ದು! ಏನು ಕಣ್ಣು ಮಾರಾಯ್ರೇ.

ಅಂದಹಾಗೆ, ಕೈಬರಹ ಸಣ್ಣದಾಗುವುದೂ ಇದರ ಲಕ್ಷಣವಂತೆ. ಕಾಕಾನ ಸಹಿ ಮ್ಯಾಚ್ ಆಗಲ್ಲ ಅಂತ ಬ್ಯಾಂಕಿನಲ್ಲಿ ಯಾಕೆ ತಕರಾರು ತೆಗೆದಿದ್ದರು ಅನ್ನೋದು ಈಗ ಗೊತ್ತಾಯಿತು.